ಸ್ವಂತ ಒಲೆಯ ಚಾಕರಿ

ಅತ್ತಿಯ ಬಲಗೈ ಎಡಗೈಗಿಂತ ದಪ್ಪವಿತ್ತು. ಜೋಳದ ರೊಟ್ಟಿ ಬಡಿದು ಬಡಿದು ಅಂಗೈ ಎಷ್ಟು ಒರಟಾಗಿತ್ತೆಂದರೆ, ಸುಡುವ ರೊಟ್ಟಿಯನ್ನು ಹೆಂಚಿನಿಂದ ಬರಿಗೈಯಲ್ಲೇ ಎತ್ತುತ್ತಿದ್ದಳು. ಶಹಾಬಜಾರದಲ್ಲಿ ನಮ್ಮದು ಅವಳದು ಒಂದೇ ಗೋಡೆ. ಸಂಬಂಧಿಯಲ್ಲ, ಆದರೂ ಬಾಯಿತುಂಬ ಅತ್ತಿ ಎನ್ನುತ್ತಿದ್ದೆ. ಬೈಯದೆ ಅವಳಿಗೆ ಮಾತು ಶುರುಮಾಡಲು ಬರುತ್ತಿರಲಿಲ್ಲ.

ಮೊದಲು ಗಂಜ್ ಮಾರುಕಟ್ಟೆಯ ಒಂದು ಖಾನಾವಳಿಯಲ್ಲಿ ಕೆಲಸಕ್ಕಿದ್ದಳು. ಮಾಲಕನ ಕಿರಿಕಿರಿಗೆ ರೋಸಿ ಬಿಟ್ಟು, ಮನೆಯಲ್ಲೇ ಒಲೆ ಹೂಡಿ ಮದುವೆಗಳಿಗೆ ರೊಟ್ಟಿ ಮಾಡಿಕೊಡತೊಡಗಿದಳು. ಓಣಿಯೆಲ್ಲ ಹೊಗಳಿದ್ದೇ ಹೊಗಳಿದ್ದು. ಸೀರೆ ಅಂಗಡಿಯ ನೌಕರಿಗೆ ಬೇಸತ್ತಿದ್ದ ನನಗೂ ಸ್ವಂತ ಹೊಲಿಗೆ ಅಂಗಡಿಯ ಹುಚ್ಚು ಹಿಡಿಯಿತು.

"ಅತ್ತಿ, ನೌಕರಿ ಬಿಟ್ಟುಬಿಡ್ಲೇನು?"

"ಹುಚ್ಚವ್ವಾ, ನಮ್ಮವ್ವ ಸತ್ತ ದಿನದ್ದು ಹೇಳ್ತೀನಿ ಕೇಳು. ಆಮ್ಯಾಲ ಬಿಡು."

ಆ ದಿನ ಬೆಳಿಗ್ಗೆ ತವರು ಕಮಲಾಪುರದಿಂದ ಅವಳ ಅಣ್ಣ ಫೋನ್ ಮಾಡಿದಾಗ ಮದುವೆಯ ರೊಟ್ಟಿ ಅರ್ಧ ಆಗಿತ್ತಂತೆ. ಸಾವಿನ ಸುದ್ದಿ ಬಂದ ಮನೆಯ ರೊಟ್ಟಿಯನ್ನು ಮದುವೆಯವರು ಮುಟ್ಟುವುದಿಲ್ಲ. ಬಾಯಿಬಿಟ್ಟರೆ ಊಟವೂ ಕೆಟ್ಟಿತು, ಅವಳ ಹೆಸರೂ ಕೆಟ್ಟಿತು. ಯಾರಿಗೂ ಹೇಳದೆ ಬಡಿಯುತ್ತಲೇ ಕೂತಳು. ರೊಟ್ಟಿಯ ಬುಟ್ಟಿಗಳನ್ನೆಲ್ಲ ಆಟೋಕ್ಕೆ ಏರಿಸಿದ ಮೇಲೆಯೇ ಬಸ್ ಹಿಡಿದಳು.

"ಅಳು ಬಂದಾಗೆಲ್ಲ ಇನ್ನಾ ಜೋರ್ ಬಡದೆ. ಸಂಜಿಗಿ ಹೋಗಿ ಮುಟ್ಟೂದ್ರಾಗ ನನ್ನ ದಾರಿ ಕಾದು ಕಾದು ಮಣ್ಣ ಕೊಟ್ಟಿದ್ರು. ಅವ್ವನ ಮುಖಾ ಸುದ್ದಾ ನೋಡ್ಲಿಲ್ಲ."

ಅತ್ತಿ ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದಳು.

"ನಮ್ಮಪ್ಪ ಸತ್ತಾಗ ಖಾನಾವಳಿ ಮಾಲಕ ಬೈಕೋತಾದ್ರೂ ರಜಾ ಕೊಟ್ಟಿದ್ದ. ಈಗ ಮಾಲಕಿ ನಾನೇ ಇದ್ನಲ್ಲ, ನನಗ ನಾ ರಜಾ ಕೊಡ್ಲಿಲ್ಲ."

ಆದರೂ ನಾನು ಅಂಗಡಿ ಹಾಕಿದೆ. ಸೀರೆ ಅಂಗಡಿ ಮಾಲಕನಿಂದ ಬೈಸಿಕೊಂಡು ಬೈಸಿಕೊಂಡು ನನಗೂ ಸಾಕಾಗಿತ್ತು. ಆದರೆ ಸ್ವಂತ ಉದ್ಯೋಗವೆಂದರೆ ಸ್ವರ್ಗ ಎಂದು ಯಾರಾದರೂ ಬೆನ್ನು ತಟ್ಟಿದರೆ ಇಂದಿಗೂ ಮೈ ಉರಿಯುತ್ತದೆ.

ಕಳೆದ ವರ್ಷ ಅತ್ತಿ ತೀರಿಕೊಂಡಳು. ಹೆಣ ಇನ್ನೂ ಅಂಗಳದಲ್ಲಿತ್ತು, ಮರುದಿನದ ರೊಟ್ಟಿ ಯಾರು ಕೊಡುತ್ತಾರೆಂದು ಗಿರಾಕಿಯೊಬ್ಬ ಬಾಗಿಲಿಗೇ ಬಂದು ಕೇಳಿದ. ನನ್ನ ಮಷಿನಿನ ಮೇಲೆ ಮದುಮಗಳೊಬ್ಬಳ ಬ್ಲೌಸ್ ಅರ್ಧಕ್ಕೆ ನಿಂತಿತ್ತು. ಅವಳ ತಾಯಿ ಫೋನ್ ಮಾಡಿದಾಗ ನಾನು ಮುಚ್ಚಿಡಲಿಲ್ಲ.

"ನಮ್ಮತ್ತಿ ಸತ್ತಾಳ್ರೀ. ಮಣ್ಣಿಗಿ ಹೊಂಟೀನಿ."

"ಅಯ್ಯ, ಲಗ್ನದ ಅರಿವಿ ಮುಟ್ಟಬ್ಯಾಡ್ರೀ ಮತ್ತ!" ಎಂದವಳು ಓಡಿಬಂದು ಅರ್ಧ ಹೊಲಿದದ್ದನ್ನೇ ಒಯ್ದಳು.

ಒಯ್ಯಲಿ. ನಾನು ಅಂಗಡಿಗೆ ಬೀಗ ಹಾಕಿ, ಬೀದಿಯುದ್ದಕ್ಕೂ ದೊಡ್ಡ ದನಿ ತೆಗೆದು ಅಳುತ್ತ ಹೋದೆ. ಅತ್ತಿಯ ಕುಣಿಗೆ ಎರಡೂ ಕೈ ತುಂಬ ಮಣ್ಣು ಹಾಕಿದೆ.