ಪ್ರಾಂಪ್ಟರ್ ಆಡಿಷನ್ನಿಗೆ ಹೋದದ್ದು

ಹನ್ನೊಂದು ವರ್ಷ ನಾನು ಒಂದು ಹವ್ಯಾಸಿ ನಾಟಕ ತಂಡದಲ್ಲಿದ್ದೆ, ಆದರೆ ಒಂದು ದಿನವೂ ಪ್ರೇಕ್ಷಕರ ಕಣ್ಣಿಗೆ ಬಿದ್ದವಳಲ್ಲ. ನನ್ನ ಜಾಗ ರಂಗದ ಎಡಗಡೆ, ಕಪ್ಪು ಪರದೆಯ ಹಿಂದೆ, ಒಂದು ಪ್ಲಾಸ್ಟಿಕ್ ಸ್ಟೂಲು. ಕೈಯಲ್ಲಿ ಸ್ಕ್ರಿಪ್ಟು, ಒಂದು ಪುಟ್ಟ ಟಾರ್ಚು. ನಟರು ಮಾತು ಮರೆತರೆ ಪಿಸುದನಿಯಲ್ಲಿ ನೆನಪಿಸುವುದು ನನ್ನ ಕೆಲಸ. ನಾಟಕ ಮುಗಿದ ಮೇಲೆ ಮೈಕಿನಲ್ಲಿ ವಂದನೆ ಹೇಳುವಾಗ ಬೆಳಕು, ಪ್ರಸಾಧನ, ರಂಗಸಜ್ಜಿಕೆ ಎಲ್ಲ ಮುಗಿದು, ಕಾಫಿ ತಂದುಕೊಟ್ಟವರಿಗಿಂತ ಒಂದು ಸಾಲು ಮುಂಚೆ ಪ್ರಾಂಪ್ಟರ್ ಎಂದು ನನ್ನ ಹೆಸರು ಬರುತ್ತಿತ್ತು. ಕೆಲವು ಸಲ ಕಾಫಿಯವರೇ ಮುಂಚೆ ಬರುತ್ತಿದ್ದರು.

ಸೇರಿದ್ದು ಪಾರ್ಟು ಮಾಡುವುದಕ್ಕೇ. ಮೊದಲ ವಾರ ಪ್ರಾಂಪ್ಟರ್ ಬರಲಿಲ್ಲವೆಂದು, 'ಇವತ್ತೊಂದಿನ ನೋಡ್ಕೊಳ್ಳಿ ಮೇಡಂ' ಎಂದು ಯಾರೋ ಸ್ಕ್ರಿಪ್ಟು ಕೈಗೆ ಕೊಟ್ಟರು. ನನ್ನ ಕನ್ನಡ ಸ್ಪಷ್ಟ, ಕಣ್ಣು ಚುರುಕು, ರಜೆ ಹಾಕುವವಳಲ್ಲ. ಇವೇ ನನಗೆ ಮುಳುವಾದವು. ಆ ಪ್ರಾಂಪ್ಟರ್ ಮತ್ತೆಂದೂ ಬರಲಿಲ್ಲ, ನಾನು ಆ ಸ್ಟೂಲಿನಿಂದ ಏಳಲಿಲ್ಲ. ಪ್ರತಿ ವರ್ಷ ಹೊಸ ನಾಟಕ ಶುರುವಾಗುವಾಗ ಈ ಸಲ ನನಗೂ ಒಂದು ಪಾತ್ರ ಕೊಡಿ ಎಂದು ಕೇಳುತ್ತಿದ್ದೆ. 'ನೀವಿಲ್ದಿದ್ರೆ ನಾಟಕ ನಡಿಯುತ್ತಾ?' ಎಂದು ಹೊಗಳಿ ಕೂರಿಸುತ್ತಿದ್ದರು. ಹೊಗಳಿಕೆಗೆ ಬಿದ್ದು ಕೂತ ನನಗೂ ಬುದ್ಧಿ ಇರಲಿಲ್ಲ ಅನ್ನಿ.

ಆ ಕೆಲಸ ಸುಲಭ ಎಂದುಕೊಂಡವರು ಒಮ್ಮೆ ಮಾಡಿ ನೋಡಬೇಕು. ಇಡೀ ವಾಕ್ಯ ಹೇಳಬಾರದು, ಮೊದಲ ಪದ ಮಾತ್ರ ಕೊಡಬೇಕು. ಪ್ರೇಕ್ಷಕರಿಗೆ ಕೇಳಬಾರದು. ಎಲ್ಲಕ್ಕಿಂತ ಕಷ್ಟವೆಂದರೆ, ನಟ ಸುಮ್ಮನಾದಾಗ ಅದು ಬೇಕೆಂದೇ ಹಿಡಿದ ಮೌನವೋ, ಮಾತು ಮರೆತ ಮೌನವೋ ಎಂದು ತಕ್ಷಣ ತಿಳಿಯಬೇಕು. ಮೌನದ ನಡುವೆ ಬಾಯಿ ಹಾಕಿದರೆ ನಟ ಬೈಯುತ್ತಾನೆ, ಮರೆವಿನಲ್ಲಿ ಬಾಯಿ ಹಾಕದಿದ್ದರೆ ಇಡೀ ತಂಡ ಬೈಯುತ್ತದೆ.

ನಮ್ಮ ತಂಡದ ಹಿರಿಯ ನಟರೊಬ್ಬರ ವಿಷಯದಲ್ಲಿ ನನಗೆ ಆ ಗೊಂದಲ ಇರಲಿಲ್ಲ. ಹಿರಿಯರು ಎಂದೇ ಕರೆಯುತ್ತೇನೆ. ಅರವತ್ತೆಂಟು ವಯಸ್ಸು, ಬ್ಯಾಂಕಿನಿಂದ ನಿವೃತ್ತರಾದವರು, ಪದ್ಮನಾಭನಗರದಲ್ಲಿ ಮನೆ. ಅವರ ದನಿ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುತ್ತದೆ. ಆದರೆ ಐದಾರು ವರ್ಷಗಳಿಂದ ಅವರಿಗೆ ಮಾತು ತಪ್ಪುತ್ತಿತ್ತು. ಪ್ರೇಕ್ಷಕರಿಗೆ ಗೊತ್ತಿಲ್ಲ, ತಂಡಕ್ಕೂ ಗೊತ್ತಿಲ್ಲ. ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ಎಡಗೈಯಿಂದ ಕನ್ನಡಕ ಸರಿಮಾಡಿಕೊಂಡರೆ ಮಾತು ಹೋಯಿತು ಎಂದರ್ಥ. ಆ ಏರ್ಪಾಡನ್ನು ನಾವು ಮಾತಾಡಿ ಮಾಡಿಕೊಂಡದ್ದಲ್ಲ, ಹಾಗೆಯೇ ಆಯಿತು. ಅವರ ಕೈ ಕನ್ನಡಕಕ್ಕೆ ಹೋದ ಕೂಡಲೇ ನಾನು ಮೊದಲ ಪದ ಕೊಡುತ್ತಿದ್ದೆ, ಅವರು ಅದನ್ನು ಎತ್ತಿಕೊಂಡು ಸಲೀಸಾಗಿ ಮುಂದೆ ಹೋಗುತ್ತಿದ್ದರು. ಒಂದು ಪತ್ರಿಕೆಯ ವಿಮರ್ಶೆಯಲ್ಲಿ ಅವರ ಮೌನಗಳನ್ನು ವಿಶೇಷವಾಗಿ ಮೆಚ್ಚಿ ಬರೆದಿದ್ದರು. ಅದನ್ನು ಓದಿ ನಾನು ಆಫೀಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ಹೋದ ವರ್ಷ ನಮ್ಮ ಹಳೆಯ ನಿರ್ದೇಶಕರು ಮಂಡಿನೋವೆಂದು ಬಿಟ್ಟುಕೊಟ್ಟು, ನಾಟಕ ಶಾಲೆಯಲ್ಲಿ ಓದಿ ಬಂದ ಒಬ್ಬ ಹುಡುಗಿಯನ್ನು ತಂದು ಕೂರಿಸಿದರು. ಮೂವತ್ತು ವರ್ಷ ಇರಬಹುದು, ಬಿ.ಟಿ.ಎಂ. ಲೇಔಟಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದಳು. ಅಲ್ಲಿಯವರೆಗೆ ನಮ್ಮಲ್ಲಿ ಪಾತ್ರ ಹಂಚುವುದೆಂದರೆ ಹಳೆಯ ನಿರ್ದೇಶಕರ ಮನೆಯಲ್ಲಿ ಉಪ್ಪಿಟ್ಟು ತಿಂದು, ಯಾರು ಎಷ್ಟು ವರ್ಷದಿಂದ ಇದ್ದಾರೆ ಎಂಬ ಲೆಕ್ಕದಲ್ಲಿ ಕೈಗೆ ಸ್ಕ್ರಿಪ್ಟು ಬರುವುದು. ಈ ಹುಡುಗಿ ವಾಟ್ಸಾಪ್ ಗ್ರೂಪಿನಲ್ಲಿ, ಮುಂದಿನ ಸೀಸನ್ನಿಗೆ ಎಲ್ಲರಿಗೂ ಆಡಿಷನ್, ಹಳಬರು ಹೊಸಬರು ಎಂಬ ಭೇದವಿಲ್ಲ ಎಂದು ಹಾಕಿದಳು. ಗ್ರೂಪು ಎರಡು ದಿನ ಕುದಿಯಿತು. ಇಬ್ಬರು ಸಿಟ್ಟಿನಿಂದ ಗ್ರೂಪು ಬಿಟ್ಟರು, ಸಂಜೆ ಮತ್ತೆ ಸೇರಿಕೊಂಡರು.

ನನಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಎಲ್ಲರಿಗೂ ಎಂದರೆ ನನಗೂ ಎಂದೇ ಅಲ್ಲವೇ? ನಾನು ಹೆಸರು ಕೊಟ್ಟೆ. ಕೇಳಿದ್ದು ಮುಖ್ಯ ಪಾತ್ರವನ್ನೇ. ಹೇಳದೆ ಕೇಳದೆ ಮನೆ ಬಿಟ್ಟು ಹೋಗಿದ್ದ ಗಂಡ ಹನ್ನೆರಡು ವರ್ಷದ ಮೇಲೆ ಹಿಂದಿರುಗುತ್ತಾನೆ, ಹೆಂಡತಿ ಬಾಗಿಲು ತೆಗೆದು ಒಂದು ಲೋಟ ನೀರು ಇಟ್ಟು ಸುಮ್ಮನೆ ನಿಲ್ಲುತ್ತಾಳೆ. ಆ ಹೆಂಡತಿ ಪಾತ್ರ. ನನಗೆ ಐವತ್ತೊಂದು. ಈ ಸಲ ಆಗದಿದ್ದರೆ ಇನ್ನು ಕೇಳುವುದೂ ಇಲ್ಲ, ಆ ಸ್ಟೂಲಿನ ಮೇಲೆ ಕೂರುವುದೂ ಇಲ್ಲ ಎಂದು ತೀರ್ಮಾನಿಸಿದ್ದೆ. ಮೂರು ವಾರ ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ನನ್ನೇ ಆ ಗಂಡ ಎಂದುಕೊಂಡು ಎದುರು ನಿಂತು ಅಭ್ಯಾಸ ಮಾಡಿದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, 'ಅದು ಹನ್ನೆರಡು ವರ್ಷದ ಮೇಲಾದ್ರೂ ಬಂತು, ಬೈಬೇಡ ಪಾಪ' ಅನ್ನುತ್ತಿದ್ದರು.

ಆಡಿಷನ್ ಒಂದು ಭಾನುವಾರ ಬೆಳಿಗ್ಗೆ, ಇಟ್ಟಮಡುವಿನ ಶಾಲೆಯೊಂದರ ಮೇಲಿನ ಹಾಲಿನಲ್ಲಿ. ಇಪ್ಪತ್ತು ಜನ ಗೋಡೆಗೊರಗಿ ಕೂತಿದ್ದರು. ನಿರ್ದೇಶಕಿ ಚೀಟಿ ನೋಡಿ ಗಂಡನ ಪಾತ್ರಕ್ಕೆ ಹಿರಿಯರನ್ನೂ ಹೆಂಡತಿಯ ಪಾತ್ರಕ್ಕೆ ನನ್ನನ್ನೂ ಕರೆದಳು. ಹಾಲಿನಲ್ಲಿ ಸಣ್ಣ ನಗು ಎದ್ದಿತು. ಹಿರಿಯರು ನನ್ನ ಕಡೆ ನೋಡಿ, 'ಓಹೋ, ಇವತ್ತು ಎದುರುಗಡೆಗೇ ಬಂದ್ರಾ?' ಅಂದರು. ಅವರ ಮುಖದಲ್ಲಿ ಗಾಬರಿ ಇತ್ತೇ ಎಂದು ಆಗ ನಾನು ನೋಡಲಿಲ್ಲ. ನನಗೆ ನನ್ನದೇ ಸಾಕಾಗಿತ್ತು.

ದೃಶ್ಯ ಶುರುವಾಯಿತು. ನಾನು ಸ್ಟೀಲ್ ಲೋಟ ತಂದು ಮೇಜಿನ ಮೇಲಿಟ್ಟು ನಿಂತೆ. ಹಿರಿಯರು ಒಂದು ಪುಟ ಮಾತಾಡಬೇಕು, ಅಷ್ಟೂ ಹೊತ್ತು ನಾನು ಅವರನ್ನೇ ನೋಡುತ್ತ ಸುಮ್ಮನಿರಬೇಕು, ಕೊನೆಯಲ್ಲಿ ನನ್ನ ಮೂರು ಮಾತು. ಅರ್ಧ ಪುಟ ಚೆನ್ನಾಗಿ ಹೋಯಿತು. ಆಮೇಲೆ ಅವರ ಎಡಗೈ ಕನ್ನಡಕಕ್ಕೆ ಹೋಯಿತು.

'ಬಾಗಿಲು' ಅಂದೆ ನಾನು.

ಯೋಚಿಸಿ ಅಂದದ್ದಲ್ಲ. ಪಿಸುದನಿಯಲ್ಲಿ, ಮುಖ ಪಕ್ಕಕ್ಕೆ ತಿರುಗಿಸಿ, ಹನ್ನೊಂದು ವರ್ಷ ಮಾಡಿದ ಹಾಗೆಯೇ. ಹಿರಿಯರು ಕೂಡಲೇ 'ಬಾಗಿಲು ನೀನೇ ತೆಗೆದೆಯಲ್ಲ' ಎಂದು ಎತ್ತಿಕೊಂಡರು. ಹಳಬರು ಯಾರಿಗೂ ಏನೂ ಅನ್ನಿಸಲಿಲ್ಲ, ಅವರಿಗೆ ಆ ಪಿಸುದನಿ ಫ್ಯಾನಿನ ಸದ್ದಿನಷ್ಟೇ ರೂಢಿ. ನಿರ್ದೇಶಕಿ ಮಾತ್ರ ಕೈ ಎತ್ತಿದಳು.

'ಆಂಟಿ, ನೀವು ಅವರಿಗೆ ಹೆಂಡ್ತಿನಾ, ಪ್ರಾಂಪ್ಟರಾ?'

ಎಲ್ಲರೂ ನಕ್ಕರು. ನನಗೆ ಕಿವಿಯವರೆಗೂ ಬಿಸಿಯಾಯಿತು. ಹಿರಿಯರೂ ನಕ್ಕರು, 'ಅಭ್ಯಾಸ ಬಲ' ಅಂದರು, ನನ್ನದೇ ತಪ್ಪು ಎಂಬ ಹಾಗೆ. ನಿಜಕ್ಕೂ ನನಗೆ ಆಗ ಅವರ ಮೇಲೆ ಸಿಟ್ಟು ಬಂತು. ಮರೆತವರು ಅವರು, ನಗೆಪಾಟಲಾದವಳು ನಾನು.

'ಇನ್ನೊಂದ್ಸಲ ಮಾಡಿ. ಆ ಹೆಂಗಸು ಅವನಿಗೆ ಒಂದು ಚೂರೂ ಸಹಾಯ ಮಾಡಲ್ಲ, ಅಷ್ಟು ನೆನಪಿಟ್ಕೊಳ್ಳಿ' ಅಂದಳು ನಿರ್ದೇಶಕಿ.

ಎರಡನೇ ಸಲ ಅದೇ ಜಾಗಕ್ಕೆ ಬಂದು ಅವರು ನಿಂತರು. ಎಡಗೈ ಕನ್ನಡಕಕ್ಕೆ ಹೋಯಿತು. ನಾನು ಸುಮ್ಮನಿದ್ದೆ. ಮತ್ತೆ ಹೋಯಿತು. ಕೆಳಗೆ ರಸ್ತೆಯಲ್ಲಿ ಸೊಪ್ಪಿನ ಗಾಡಿಯವನ ಮೈಕು ಮೆಂತ್ಯ, ಸಬ್ಬಸಿಗೆ, ದಂಟು ಎಂದು ಪೂರ್ತಿ ಪಟ್ಟಿ ಒದರಿ ಮುಗಿಸಿ ಇನ್ನೊಂದು ಸುತ್ತು ಶುರುಮಾಡಿತು. ಆ ಪದ ನನ್ನ ನಾಲಿಗೆಯ ತುದಿಯಲ್ಲಿತ್ತು. ಹಿರಿಯರು ಇಷ್ಟು ವರ್ಷ ನನ್ನ ಕಡೆ ಕಿವಿ ಮಾತ್ರ ಕೊಟ್ಟವರು, ಅವತ್ತು ಮೊದಲ ಸಲ ನೇರವಾಗಿ ಮುಖ ನೋಡಿದರು. ಆ ನೋಟದಲ್ಲಿ ನಟನೆ ಇರಲಿಲ್ಲ. ನನಗೆ ಅಯ್ಯೋ ಅನ್ನಿಸಿತು. ಆದರೆ ನನಗೆ ಪಾತ್ರ ಬೇಕಿತ್ತು. ನಾನು ಅವರನ್ನೇ ನೋಡುತ್ತ ನಿಂತೆ.

ಅವರು ನಿಧಾನವಾಗಿ ಕುರ್ಚಿಯ ಮೇಲೆ ಕೂತರು. ಲೋಟ ಎತ್ತಿ ನೀರು ಪೂರ್ತಿ ಕುಡಿದರು, ಅಂಗಿಯ ಮೇಲೆ ಸ್ವಲ್ಪ ಚೆಲ್ಲಿತು. ಆಮೇಲೆ ನಾಲ್ಕು ಸಾಲು ಬಿಟ್ಟು ಕೊನೆಯ ಮಾತು ಹೇಳಿದರು. ನಾನು ನನ್ನ ಮೂರು ಮಾತು ಹೇಳಿದೆ. ಹಾಲಿನಲ್ಲಿ ಕೂತವರು ಚಪ್ಪಾಳೆ ತಟ್ಟಿದರು. 'ಆ ಸೈಲೆನ್ಸ್ ಸಖತ್ತಾಗಿತ್ತು, ಇಬ್ರದ್ದೂ' ಅಂದಳು ನಿರ್ದೇಶಕಿ. ನಾಟಕ ಶಾಲೆಯಲ್ಲಿ ಓದಿದವಳಿಗೂ ಅದು ಯಾವ ಮೌನ ಎಂದು ತಿಳಿಯಲಿಲ್ಲ.

ತಾಲೀಮು ಮುಗಿದ ಮೇಲೆ ಹಿರಿಯರನ್ನು ನಾನೇ ಸ್ಕೂಟರಿನಲ್ಲಿ ಮನೆಗೆ ಬಿಡುತ್ತಿದ್ದೆ. ಅವತ್ತು ನಾನು ಕೆಳಗಿಳಿದು ಬರುವಷ್ಟರಲ್ಲಿ ಅವರು ಆಟೋ ಹತ್ತಿ ಹೋಗಿದ್ದರು.

ಬುಧವಾರ ಗ್ರೂಪಿನಲ್ಲಿ ಪಟ್ಟಿ ಬಂತು, ಮರುದಿನ ಸಂಜೆಯಿಂದಲೇ ತಾಲೀಮು. ಹೆಂಡತಿ ನಾನು, ಗಂಡ ಹಿರಿಯರು. ಆಫೀಸಿನ ಕುರ್ಚಿಯಲ್ಲಿ ಕೂತು ಆ ಸಾಲನ್ನು ಎಷ್ಟು ಸಲ ಓದಿದೆನೋ. ಪಕ್ಕದ ಮೇಜಿನವರು ಪ್ರಮೋಷನ್ನಾ ಎಂದು ಕೇಳಿದರು, ಅದಕ್ಕಿಂತ ಜಾಸ್ತಿ ಅಂದೆ. ಮರುದಿನ ಮಧ್ಯಾಹ್ನ ಹಿರಿಯರು ಫೋನ್ ಮಾಡಿದರು. ಜಯನಗರದಲ್ಲಿ ನನ್ನ ಆಫೀಸಿನ ಕೆಳಗೇ ಬಂದು ನಿಂತಿದ್ದರು. ಪಕ್ಕದ ಹೋಟೆಲಿನಲ್ಲಿ ನಿಂತುಕೊಂಡೇ ಕಾಫಿ ತಗೊಂಡೆವು.

'ಆ ಹುಡುಗಿಗೆ ಫೋನ್ ಮಾಡಿ ಆಗಲ್ಲ ಅಂದ್ಬಿಟ್ಟೆ. ಬೆನ್ನುನೋವು ಅಂತ ಹೇಳಿದ್ದೀನಿ. ಯಾರಾದ್ರೂ ಕೇಳಿದ್ರೆ ನೀವೂ ಅದನ್ನೇ ಹೇಳಿ' ಅಂದರು.

'ಯಾಕೆ ಸಾರ್? ಭಾನುವಾರ ನೀವಾಗೇ ದಾಟಿದ್ರಲ್ಲ.'

'ಒಂದ್ಸಲ ದಾಟ್ದೆ. ದಿನಾ ದಾಟಕ್ಕಾಗುತ್ತಾ? ನೀವು ಎದುರುಗಡೆ ನಿಂತ್ರೆ ಸೈಡಲ್ಲಿ ಯಾರಮ್ಮಾ ಇರ್ತಾರೆ?'

'ಬೇರೆಯವರಿಗೆ ಹೇಳಿಕೊಡ್ತೀನಿ ಸಾರ್. ಒಂದು ವಾರ ಸಾಕು.'

'ಅಂದ್ರೆ ಅವ್ರಿಗೂ ಗೊತ್ತಾಗ್ಬೇಕು.'

ಅವರು ಕಾಫಿಯನ್ನು ಊದಿ ಒಂದು ಗುಟುಕು ಕುಡಿದರು.

'ಕನ್ನಡಕ ಮುಟ್ಟಿದ್ದು ನೋಡಿದ್ರಾ?'

'ನೋಡ್ದೆ ಸಾರ್.'

'ಎರಡು ಸಲ ಮುಟ್ಟಿದೆ.'

'ಎರಡೂ ನೋಡ್ದೆ.'

ಸುಳ್ಳು ಹೇಳಬಹುದಿತ್ತು, ಗಮನಿಸಲಿಲ್ಲ ಅನ್ನಬಹುದಿತ್ತು. ಅವರು ತಲೆಯಾಡಿಸಿದರು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು, ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಉಳಿದ ಕಾಫಿಯನ್ನು ತಣ್ಣಗಾಗುವವರೆಗೂ ಕೈಯಲ್ಲೇ ಹಿಡಿದು ನಿಂತರು. ಅವರು ಯಾವ ಮಾತಿಗೆ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಪಾತ್ರ ಬೇಡ ಸಾರ್, ನಾನು ಮತ್ತೆ ಸೈಡಿಗೆ ಹೋಗ್ತೀನಿ, ನೀವು ಮಾಡಿ. ಅಷ್ಟೇ ಸಾಕಿತ್ತು. ನಲವತ್ತು ವರ್ಷ ರಂಗದ ಮೇಲಿದ್ದ ಮನುಷ್ಯ ಇನ್ನೂ ಎರಡು ಮೂರು ವರ್ಷ ಇರುತ್ತಿದ್ದರು.

ನಾನು ಹೇಳಲಿಲ್ಲ.

ಅವರು ಲೋಟ ಕೆಳಗಿಟ್ಟರು. 'ರಿಹರ್ಸಲ್ಲಿಗೆ ಲೇಟಾಗಿ ಹೋಗ್ಬೇಡಿ. ಪಾರ್ಟ್ ಮಾಡೋರು ಎಲ್ರಿಗಿಂತ ಮುಂಚೆ ಇರ್ಬೇಕು' ಎಂದು ಹೇಳಿ ಬಸ್ ಸ್ಟಾಪಿನ ಕಡೆ ಹೊರಟರು.

ನಾನು ಮೇಲೆ ಹೋಗಿ, ಆಫೀಸಿನ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಸಂಜೆ ತಾಲೀಮಿಗೆ ಎಲ್ಲರಿಗಿಂತ ಹತ್ತು ನಿಮಿಷ ಮುಂಚೆ ಹೋದೆ.