ಹೆಸರು ಬದಲಿಸಿದ ಕನೆಕ್ಟರ್

ದಾವಣಗೆರೆಯಿಂದ ಬಂದು ಚೆನ್ನೈಯಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆತನದ ಸರ್ವಮಂಗಳಾ, ಮಗಳು ಹುಟ್ಟಿದಾಗ ಬಿಟ್ಟಿದ್ದ ಕೆಲಸಕ್ಕೆ ಮರಳಿದ್ದು ನಲವತ್ತರ ಹತ್ತಿರದಲ್ಲಿ. ಅಂಬತ್ತೂರಿನ ಪುಟ್ಟ ಕಚೇರಿಯಲ್ಲಿ ಅವಳಿಗೆ ಎಲ್ಲವನ್ನೂ ಹೊಸದಾಗಿ ಕಲಿಸಿದವರು ಹಿರಿಯರಾದ ಉಪೇಂದ್ರ. ಅವರ ಹೆಸರೆತ್ತಿದರೆ ಇವತ್ತಿಗೂ ಅವಳ ದನಿ ಮೆತ್ತಗಾಗುತ್ತದೆ.

ಅವಳ ಕೆಲಸ ಕನೆಕ್ಟರ್‌ಗಳನ್ನು, ಅಂದರೆ ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಪುಟ್ಟ ಪ್ರೋಗ್ರಾಮುಗಳನ್ನು, ನೋಡಿಕೊಳ್ಳುವುದು. ಕೀಲ್ಪಾಕಿನ ಒಂದು ಡಯಾಲಿಸಿಸ್ ಕೇಂದ್ರದವರು ರೋಗಿಗಳ ಸರದಿಯನ್ನು ಕಂಪ್ಯೂಟರಿಗೆ ಹಾಕಿದೊಡನೆ ಒಂದು ಕನೆಕ್ಟರ್ ಅದನ್ನೆತ್ತಿ ಮಾಹಿತಿಯ ಹರಿವಿಗೆ ಬಿಡುತ್ತದೆ. ಇನ್ನೊಂದು ಅಲ್ಲಿಂದ ತೆಗೆದು ರೋಗಿಯ ಫೋನಿಗೆ ಮುಟ್ಟಿಸುತ್ತದೆ. ಅವನ್ನು ಹುಟ್ಟಿಸಬೇಕು, ಬೇಕಾದಾಗ ತಡೆಯಬೇಕು, ಮತ್ತೆ ಎಬ್ಬಿಸಬೇಕು, ಹಳತಾದರೆ ತೆಗೆಯಬೇಕು. ಎಲ್ಲಿಯವರೆಗೆ ಓದಿದ್ದಾಯಿತು ಎಂಬ ನೆನಪು ಆಯಾ ಕನೆಕ್ಟರಿನ ಹೆಸರಿಗೆ ಅಂಟಿಕೊಂಡಿರುತ್ತದೆ.

ಒಂದು ಸೋಮವಾರ ಬೆಳಗ್ಗೆ ಅವಳು ಅದನ್ನೇ ಮರೆತಳು. ಹೆಸರುಗಳೆಲ್ಲ ಒಂದೇ ಬಗೆಯಲ್ಲಿರಲಿ ಎಂದು ಮೊದಲನೆಯದನ್ನು ಅಳಿಸಿ ಬೇರೆ ಹೆಸರಿನಲ್ಲಿ ಹುಟ್ಟಿಸಿದಳು. ಹೊಸತು ಏನನ್ನೂ ಅರಿಯದೆ ಶುರುವಿನಿಂದ ಓದತೊಡಗಿತು. ಎಂದೋ ಮುಗಿದ ಸರದಿಗಳು ಪರದೆಯಲ್ಲಿ ಕಂಡೊಡನೆ ಅವಳು ಫೋನಿಗೆ ಮುಟ್ಟಿಸುವ ಕನೆಕ್ಟರನ್ನು ತಡೆದಳು. ಅಷ್ಟರಲ್ಲಿ ಎಂದಿನದೋ ಒಂದು ಹಳೆಯ ಮೆಸೇಜು ಮತ್ತೆ ಹೊರಟುಹೋಗಿತ್ತು: ‘ಯಂತ್ರ ದುರಸ್ತಿಯಲ್ಲಿದೆ. ಇಂದು ಬರಬೇಡಿ.’

ಅದು ಹೋದದ್ದು ಎಣ್ಣೂರಿನ ಜಯರಾಮ ಎಂಬ ವೃದ್ಧರಿಗೆ. ಅವರ ಸರದಿ ಅಂದೇ ಹತ್ತು ಗಂಟೆಗೆ ಇತ್ತು. ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರಿಗೇ ಕಷ್ಟ.

ಅವಳು ಉಪೇಂದ್ರರನ್ನು ಕರೆದು ಆದದ್ದನ್ನು ಹೇಳಿದಳು. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ನೀವು ಅವರಿಗೆ ಫೋನ್ ಮಾಡ್ತಾ ಇರಿ, ಕೇಂದ್ರಕ್ಕೆ ನಾನು ಹೇಳ್ತೀನಿ. ಬೈಯೋದು ಬೇಕಿದ್ರೆ ಆಮೇಲೆ ಇಟ್ಕೊಳ್ಳೋಣ."

ಫೋನು ಬಡಿದುಕೊಂಡು ಬಡಿದುಕೊಂಡು ನಿಲ್ಲುತ್ತಿತ್ತು. ಕೊನೆಗೊಮ್ಮೆ ಜಯರಾಮ ಎತ್ತಿದರು. ತಮಿಳಿನಲ್ಲಿ ಮಾತು ಶುರುಮಾಡಿದವಳ ಹೆಸರು ಕೇಳಿ ಕನ್ನಡಕ್ಕೆ ತಿರುಗಿದರು. ಮೆಸೇಜು ನೋಡಿ ದಾರಿಯಲ್ಲೇ ಬಸ್ಸಿಳಿದಿದ್ದರಂತೆ. ಈಗ ಅಂಗಡಿಯ ಬೆಂಚಿನ ಮೇಲೆ ಕೂತು, ಇವತ್ತು ರಜಾ ಎಂಬ ಖುಷಿಯಲ್ಲಿ, ಡಾಕ್ಟರು ಬೇಡವೆಂದ ಎರಡನೇ ಕಾಫಿ ಕುಡಿಯುತ್ತಿದ್ದರು.

ಅವಳು ಏನನ್ನೂ ಮರೆಮಾಚಲಿಲ್ಲ. ತಪ್ಪು ತನ್ನದು, ದಯವಿಟ್ಟು ಈಗಲೇ ಆಟೋ ಹತ್ತಿ ಎಂದಳು.

"ಪರವಾಯಿಲ್ಲಮ್ಮಾ," ಅಂದರು ಅವರು. "ಇಷ್ಟು ದಿನ ಒಂದು ಮೆಸೇಜೂ ಸುಳ್ಳಾಗಿರ್ಲಿಲ್ಲ ನೋಡು, ಅದಕ್ಕೇ ಕಣ್ಮುಚ್ಚಿ ಇಳಿದ್ಬಿಟ್ಟೆ."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಕಣ್ಣು ತುಂಬಿತು.

ಹತ್ತರ ಸರದಿ ಕೈತಪ್ಪಿದ್ದರಿಂದ ಕೇಂದ್ರದವರು ಜಯರಾಮರಿಗೆ ಮಧ್ಯಾಹ್ನ ಎರಡಕ್ಕೆ ಜಾಗ ಮಾಡಿಕೊಟ್ಟರು. ಸರಿಪಡಿಸುವ ಕೆಲಸವನ್ನು ಉಪೇಂದ್ರ ಅವಳ ಕೈಯಿಂದಲೇ ಮಾಡಿಸಿದರು. ಹೊಸದನ್ನು ತೆಗೆದು ಹಳೆಯ ಹೆಸರಿನಲ್ಲೇ ಮತ್ತೆ ಹುಟ್ಟಿಸಿದಾಗ, ಅದು ಬಿಟ್ಟಲ್ಲಿಂದ ಓದಿತು. ಹರಿವಿನಲ್ಲಿ ನುಸುಳಿದ್ದ ಹಳೆಯ ಸರದಿಗಳು ಯಾರ ಫೋನಿಗೂ ಹೋಗದಂತೆ ಬಿಟ್ಟು ಮುಂದಕ್ಕೆ ದಾಟಿಸಿ, ತಡೆದಿದ್ದ ಕನೆಕ್ಟರನ್ನು ಎಬ್ಬಿಸಿದಳು. ಕಾದಿದ್ದ ಮೆಸೇಜುಗಳು ಹೊರಟವು. ಉಪೇಂದ್ರ ಬೈಯುವುದನ್ನು ಮರೆತೇಬಿಟ್ಟಂತೆ ಎದ್ದು ಊಟಕ್ಕೆ ಹೋದರು.

ಎರಡೂವರೆಗೆ ಜಯರಾಮರೇ ಫೋನ್ ಮಾಡಿದರು. ಸೂಜಿ ಹಾಕಿದ್ದಾಯಿತು, ಎರಡು ಕಾಫಿಗೂ ನರ್ಸ್ ಚೆನ್ನಾಗಿ ಉಗಿದರು ಎಂದು ನಕ್ಕರು. ಅವಳು ಕೈಮುಗಿದದ್ದು ಅವರಿಗೆ ಕಾಣುವಂತಿರಲಿಲ್ಲ.

"ಗುರುವಾರ ಎಂಟಕ್ಕೆ ಬನ್ನಿ ಅಂತ ಈಗ ಇನ್ನೊಂದು ಬಂದಿದೆ. ಇದನ್ನ ನಂಬ್ಲಾ ತಾಯಿ?"

ಅವಳು ಪರದೆಯನ್ನು ನೋಡಿದಳು, ಇನ್ನೊಮ್ಮೆ ನೋಡಿದಳು.

"ನಂಬಿ ಸಾರ್."

"ಸರಿ, ಹಾಗಾದ್ರೆ ಬರ್ತೀನಿ."