ಮೊದಲ ದೀಪಾವಳಿಯ ವಿಡಿಯೋ ಗೇಮು

ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಏನು ಕೇಳುತ್ತಾನೆ? ಉಂಗುರ ಕೇಳುತ್ತಾನೆ, ವಾಚು ಕೇಳುತ್ತಾನೆ, ಬಾಯಿ ದೊಡ್ಡದಿದ್ದರೆ ಬೈಕು ಕೇಳುತ್ತಾನೆ. ನಮ್ಮ ಮನೆಯವರು ವಿಡಿಯೋ ಗೇಮು ಕೇಳಿದರು. ಇಪ್ಪತ್ತು ವರ್ಷದ ಮೇಲಾಯಿತು, ಅದಕ್ಕೆ ನಗಬೇಕೋ ಅಳಬೇಕೋ ನನಗೆ ಇನ್ನೂ ತಿಳಿದಿಲ್ಲ.

ಅವರು ಹಡಗಲಿಯಲ್ಲಿ ಹೈಸ್ಕೂಲು ಮಾಸ್ತರು, ಲೆಕ್ಕ ಕಲಿಸುವವರು. ನಮ್ಮಪ್ಪನದು ಕೊಟ್ಟೂರಿನಲ್ಲಿ ಸ್ಟೀಲು ಪಾತ್ರೆ ಅಂಗಡಿ. ನಮ್ಮನ್ನು ಹಬ್ಬಕ್ಕೆ ಕರೆಯಲು ಹಡಗಲಿಗೆ ಬಂದ ಅಪ್ಪ, ಚಹಾ ಕುಡಿದು, ಟವೆಲಿನಿಂದ ಬಾಯಿ ಒರೆಸಿಕೊಂಡು, "ಅಳಿಯಂದ್ರ, ಸಂಕೋಚ ಮಾಡಬ್ಯಾಡ್ರಿ. ಹಬ್ಬಕ್ಕ ನಿಮಗೇನು ಬೇಕು ಹೇಳ್ರಿ" ಅಂದ. ಅರ್ಧ ತೊಲೆ ಉಂಗುರಕ್ಕೆ ಅವನು ತಯಾರಾಗಿಯೇ ಬಂದಿದ್ದ. ಬೆರಳಿನ ಅಳತೆ ತರಲೆಂದು ಅವ್ವ ಕೊಟ್ಟಿದ್ದ ದಾರ ಅವನ ಜೇಬಿನಲ್ಲಿತ್ತು.

ಇವರು ಕುತ್ತಿಗೆ ಕೆರೆದುಕೊಳ್ಳುತ್ತಾ, "ಟೀವಿಗೆ ಹಚ್ಚಿ ಆಡ್ತಾರಲ್ರಿ ಮಾವಾರ, ವಿಡಿಯೋ ಗೇಮು... ಅದೊಂದು ಸಾಕು" ಅಂದರು.

ಅಪ್ಪ ನನ್ನ ಮುಖ ನೋಡಿದ. ನಾನು ಇವರ ಮುಖ ನೋಡಿದೆ. ಇವರು ನೆಲ ನೋಡುತ್ತಿದ್ದರು. "ಆತು ಬಿಡ್ರಿ" ಅಂತ ಎದ್ದ ಅಪ್ಪ, ಬಾಗಿಲ ಹತ್ತಿರ ದನಿ ತಗ್ಗಿಸಿ, "ಮನ್ಯಾಗ ಸಣ್ಣ ಹುಡುಗರು ಯಾರರ ಅದಾರೇನವ್ವ?" ಅಂತ ಕೇಳಿದ. ಎಲ್ಲಿಯ ಹುಡುಗರು! ಆ ಬಾಡಿಗೆ ಮನೆಯಲ್ಲಿ ಇದ್ದವರು ನಾವಿಬ್ಬರೇ.

ಆರು ತಿಂಗಳ ಸಂಸಾರ. ಚಹಾಕ್ಕೆ ಸಕ್ಕರೆ ಎಷ್ಟು ಬೇಕು ಅನ್ನುವುದು ಗೊತ್ತಾಗಿತ್ತು, ಈ ಮನುಷ್ಯನ ತಲೆಯಲ್ಲಿ ಏನಿದೆ ಅನ್ನುವುದು ಗೊತ್ತಾಗಿರಲಿಲ್ಲ. ಬಾಯಿಬಿಟ್ಟು ಕೇಳುವಷ್ಟು ಸಲಿಗೆಯೂ ಇರಲಿಲ್ಲ. ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಮೂರನೆಯ ದಿನ ಒಗೆಯಲು ಹಾಕಿದ ಅಂಗಿಯ ಜೇಬು ತಡಕಿದರೆ, ಪೇಪರಿನಿಂದ ಕತ್ತರಿಸಿದ ಚಿತ್ರವೊಂದು ಸಿಕ್ಕಿತು. ಬೆಳ್ಳಗೆ, ಮೂಲೆಗಳೆಲ್ಲ ದುಂಡಗೆ, ಊಟದ ಡಬ್ಬಿಯಷ್ಟಿರುವ ಪೆಟ್ಟಿಗೆ. ಅದರಿಂದ ಹೊರಟ ವೈರಿನ ತುದಿಗೆ ಕೈಯಲ್ಲಿ ಹಿಡಿದು ಒತ್ತುವ ಗುಂಡಿಗಳು. ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಕಾಗದ ಗೆರೆ ಗೆರೆಯಾಗಿ ಸವೆದಿತ್ತು. ರೇಟು ಎಲ್ಲೂ ಬರೆದಿರಲಿಲ್ಲ. ಅದನ್ನು ಒಗೆದ ಅಂಗಿಯ ಜೇಬಿಗೆ ಇಟ್ಟುಬಿಟ್ಟೆ. ಅವರೂ ಏನೂ ಕೇಳಲಿಲ್ಲ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ನಾನೊಬ್ಬಳೇ ಕೊಟ್ಟೂರಿಗೆ ಬಂದೆ. ಅವ್ವ ಒಲೆ ಮುಂದೆ ಕೂರಿಸಿಕೊಂಡು, "ಅಳಿಯಂದ್ರದು ತಲಿ ಸರಿ ಐತಿಲ್ಲ?" ಅಂದಳು.

"ಲೆಕ್ಕದ ಮಾಸ್ತರು ಅದಾರಬೇ" ಅಂದೆ, ಅದೇ ಉತ್ತರ ಅನ್ನುವ ಹಾಗೆ.

ಮರುದಿನ ಅಪ್ಪ ನನ್ನನ್ನು ಕರಕೊಂಡು ಹೊರಟ. ಹರಪನಹಳ್ಳಿಯಲ್ಲಿ ಬಸ್ಸಿಳಿದು ಎರಡು ಅಂಗಡಿ ಕೇಳಿದೆವು. ಅಂಥದ್ದು ಬೇಕಾದರೆ ದಾವಣಗೆರೆಗೆ ಹೋಗಿ ಅಂದರು. ದಾವಣಗೆರೆಯ ಟೀವಿ ಅಂಗಡಿಯವನು ಎರಡು ಡಬ್ಬ ಇಳಿಸಿದ. ಮೊದಲನೆಯದನ್ನು ಬಿಚ್ಚಿದ ಕೂಡಲೇ ನನಗೆ ಗುರುತು ಸಿಕ್ಕಿತು. ಅದೇ ಬಿಳಿ ಪೆಟ್ಟಿಗೆ.

"ಇದು ಹೊಸದು. ಸೀಡಿ ಹಾಕಿ ಆಡೋದು. ಬೊಂಬಾಯಿಂದ ತರಿಸ್ತೀವಿ" ಅಂದು ಅಂಗಡಿಯವನು ರೇಟು ಹೇಳಿದ. ಆ ದುಡ್ಡಿಗೆ ನಮ್ಮ ಅಂದಾಜಿನ ಉಂಗುರ ಮೂರು ಬರುತ್ತಿದ್ದವು. ಸೀಡಿಗಳಿಗೆ ಬೇರೆ ದುಡ್ಡು, ಒಂದೊಂದಕ್ಕೂ ಬೇರೆ.

"ಆಟದ ಸಾಮಾನಿಗೆ ಇಷ್ಟೇನೋ ತಮ್ಮಾ!" ಅಂದ ಅಪ್ಪ.

"ಆಸೆ ಪಡೋರು ಭಾಳ ಜನ ಬರ್ತಾರೆ ಯಜಮಾನ್ರೇ. ತಗೊಂಡು ಹೋಗೋರು ತಿಂಗಳಿಗೊಬ್ಬರು" ಅಂದ ಅಂಗಡಿಯವನು, ಎರಡನೆಯ ಡಬ್ಬ ಮುಂದೆ ತಳ್ಳಿದ. ಕೆಂಪು-ಬಿಳಿ ಬಣ್ಣದ್ದು, ಕ್ಯಾಸೆಟ್ಟು ಸಿಕ್ಕಿಸಿ ಆಡುವ ಹಳೆಯ ನಮೂನೆ. ಉಂಗುರದ ದುಡ್ಡಿನ ಕಾಲು ಭಾಗಕ್ಕೇ ಬರುತ್ತಿತ್ತು.

ಪಾತ್ರೆ ಮಾರುವುದು ತೂಕದ ಮೇಲೆ. ಅಪ್ಪನಿಗೆ ಏನು ಸಿಕ್ಕರೂ ಮೊದಲು ಅಂಗೈ ಮೇಲಿಟ್ಟು ತೂಗಿ ನೋಡುವ ಚಟ, ಕುಂಬಳಕಾಯಿಯಿಂದ ಹಿಡಿದು ಮುಂದೆ ಹುಟ್ಟಿದ ಮೊಮ್ಮಗುವಿನ ತನಕ. ಬಿಳಿಯದನ್ನು ಒಂದು ಕೈಯಲ್ಲಿ, ಕೆಂಪಿನದನ್ನು ಇನ್ನೊಂದು ಕೈಯಲ್ಲಿ ಹಿಡಿದ. "ಇದು ಹಗುರ. ಇದು ನೋಡು, ಗಟ್ಟಿ ಮಾಲು" ಅಂದ. ಕೆಂಪಿನದನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದ. ಎರಡನ್ನೂ ಕೆಳಗಿಟ್ಟು, "ಅಳಿಯಂದ್ರು ಕೇಳಿದ್ದು ಯಾವುದವ್ವ? ನಿನಗೇನರ ಗೊತ್ತೈತೇನು?" ಅಂತ ನನ್ನ ಕಡೆ ತಿರುಗಿದ.

ನಮ್ಮ ಅಂಗಡಿಯ ಎದುರಿಗೇ ಆ ವರ್ಷ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಬಂದಿತ್ತು. ಕೊಡಪಾನಕ್ಕೆ ಬರುತ್ತಿದ್ದವರೆಲ್ಲ ಅಲ್ಲಿ ಬಣ್ಣದ ಕೊಡ ಕೊಳ್ಳುತ್ತಿದ್ದರು. ನನ್ನ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದರು. ಇನ್ನೊಂದು ಕಡೆ, ಆ ಸವೆದ ಕಾಗದವೂ ಕಣ್ಣ ಮುಂದೆ ಬಂತು. ಬೆರಳು ತಾನಾಗಿಯೇ ಕೆಂಪಿನದರ ಕಡೆ ಹೋಯಿತು.

"ಇದೇ ಅಪ್ಪಾ" ಅಂದೆ.

ಬಸ್ಸಿನಲ್ಲಿ ಅಪ್ಪ ಡಬ್ಬವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ನಾನು ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕೂತೆ. ಗಂಡನಿಗೆ ಮೋಸ ಮಾಡಿದೆನೋ, ಅಪ್ಪನಿಗೆ ಮಾಡಿದೆನೋ? ಸುಡುಗಾಡು, ಈ ಮನುಷ್ಯ ಎಲ್ಲರ ಹಾಗೆ ಒಂದು ಉಂಗುರ ಕೇಳಿದ್ದರೆ ಏನಾಗುತ್ತಿತ್ತು ಅಂತ ಸಿಟ್ಟೂ ಬಂತು.

ಹಬ್ಬದ ದಿನ ಆರತಿ ಆದ ಮೇಲೆ ಇವರು ಡಬ್ಬ ಬಿಚ್ಚಿದರು. ಕೈ ನಿಂತಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆಮೇಲೆ ಮುಖ ಅರಳಿಸಿ, "ಇದೇ ರೀ ಮಾವಾರ! ಇದನ್ನ ಕೇಳಿದ್ದು ನಾನು" ಅಂದರು.

ಅಪ್ಪನ ಖುಷಿ ನೋಡಬೇಕಿತ್ತು. ಇಬ್ಬರೂ ಟೀವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು, ಹೋಳಿಗೆ ಆರಿಹೋಯಿತು. ಅಪ್ಪ ಆಟದೊಳಗಿನ ತನ್ನ ಟ್ಯಾಂಕನ್ನು ಗೋಡೆಗೇ ಗುದ್ದಿಸುತ್ತಿದ್ದ. ಟೀವಿಯ ಟ್ಯೂಬು ಹೋಗುತ್ತದೆ ಅಂತ ಅವ್ವ ಬಾಗಿಲಲ್ಲೇ ನಿಂತು ವಟಗುಟ್ಟಿದಳು. ಡಬ್ಬದ ಮೇಲೆ ನೂರಾರು ಆಟ ಅಂತ ಬರೆದಿತ್ತು. ಎಂಟು ಆಟ ಮುಗಿದ ಮೇಲೆ ಮೊದಲಿನವೇ ತಿರುಗಿ ಬರುವುದನ್ನು ನಮ್ಮ ಲೆಕ್ಕದ ಮಾಸ್ತರು ಕಂಡುಹಿಡಿದರು, ಅಪ್ಪನ ಮುಂದೆ ಬಾಯಿಬಿಡಲಿಲ್ಲ. ನನಗೋ ಗೊಂದಲವೋ ಗೊಂದಲ. ಇವರು ಹೇಳಿದ್ದು ಸುಳ್ಳೇ? ಇಷ್ಟು ಸಲೀಸಾಗಿ ಹೇಳುವವರು ಇನ್ನೇನೇನು ಹೇಳಿಯಾರು? ನಿಜ ಹೇಳಿದ್ದರೆ ಆ ಚಿತ್ರ ಯಾಕೆ ಇಟ್ಟುಕೊಂಡಿದ್ದರು? ಹಡಗಲಿಗೆ ಮರಳಿದ ಮೇಲೆ ಎಲ್ಲ ಅಂಗಿಗಳ ಜೇಬು ನೋಡಿದೆ. ಚಿತ್ರ ಇರಲಿಲ್ಲ.

ಎರಡನೆಯ ತಿಂಗಳಿಗೇ ಆ ಗೇಮು ಕೆಟ್ಟಿತು. ಇವರು ಸ್ಕ್ರೂ ಬಿಚ್ಚಿ ನೋಡಿ, ಮುಚ್ಚಿ, ಅಟ್ಟದ ಮೇಲಿಟ್ಟರು. ಆಮೇಲೆ ಇವರ ಟೇಬಲ್ಲಿನ ಮೇಲೆ ಒಂದು ಕಬ್ಬಿಣದ ತುಂಡು ಬಂದು ಕೂತಿತು, ಮಕ್ಕಳ ಉತ್ತರ ಪತ್ರಿಕೆ ಗಾಳಿಗೆ ಹಾರದಂತೆ. ಶಾಲೆಯಿಂದ ತಂದಿರಬೇಕು ಅಂದುಕೊಂಡು ವರ್ಷಗಟ್ಟಲೆ ಅದರ ಧೂಳು ಒರೆಸಿದೆ.

ಏಳೆಂಟು ವರ್ಷದ ಮೇಲೆ ಒಮ್ಮೆ ಅಪ್ಪ ಬಂದವನು ಆ ಟೇಬಲ್ಲಿನ ಹತ್ತಿರ ಕೂತ. ಚಟ ಬಿಡಬೇಕಲ್ಲ, ಕಬ್ಬಿಣದ ತುಂಡನ್ನು ಅಂಗೈ ಮೇಲಿಟ್ಟು, "ಕಾಲು ಕೇಜಿಗೆ ಒಂದೀಟು ಕಮ್ಮಿ. ಏನ್ರಿ ಇದು?" ಅಂದ.

"ಸಾಲ್ಯಾಗಿಂದು ರೀ ಮಾವಾರ" ಅಂದರು ಇವರು, ಗಡಿಬಿಡಿಯಲ್ಲಿ.

ಅಪ್ಪ ಕೈ ತೊಳೆಯಲು ಹೋದಾಗ ಇವರು ನನ್ನ ಹತ್ತಿರ ಬಂದರು. "ಅದು ಆ ಗೇಮಿನ ಒಳಗಿಂದು. ಭಾರ ಇರ್ಲಿ ಅಂತ ಕಂಪನಿಯವರೇ ಹಾಕಿದ್ರು. ಅದನ್ನ ಬಿಟ್ರ ಒಳಗ ಹೇಳ್ಕೊಳ್ಳುವಂಥದ್ದು ಏನೂ ಇರ್ಲಿಲ್ಲ. ಮಾವಾರಿಗೆ ಹೇಳಬ್ಯಾಡ, ನೊಂದ್ಕೊಂತಾರ."

ಸಂಜೆ ಅಪ್ಪನನ್ನು ಬಸ್ಸಿಗೆ ಬಿಡಲು ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಅವನು ನನ್ನ ಕಡೆ ನೋಡದೆ, "ಮಾಸ್ತರು ಆ ಕಬ್ಬಿಣ ಇನ್ನೂ ಇಟಗೊಂಡಾರ" ಅಂದ. ನಾನು ಅವನ ಕಡೆ ತಿರುಗಿದೆ.

"ಅವತ್ತು ಅಂಗಡ್ಯಾಗ ವಾಲಿಸಿದಾಗ್ಲೇ ಗೊತ್ತಾತವ್ವ, ಒಂದು ಮಗ್ಗಲಿಗೆ ಕಬ್ಬಿಣ ಹಾಕ್ಯಾರಂತ. ಇಷ್ಟು ವರ್ಷ ಪಾತ್ರಿ ಮಾರೀನಿ, ಅಷ್ಟು ತಿಳೀದೇನು? ಆ ಬಿಳೇದು ನನ್ನ ಕೈಲಿ ಆಗ್ತಿದ್ದಿಲ್ಲ. ನೀ ಇದೇ ಅಂದಿ ನೋಡು, ಜೀವ ಬಂದಂಗಾತು. ಅಳಿಯಂದ್ರಿಗೆ ಹೇಳಬ್ಯಾಡ."

ಗಂಡನಿಗೂ ಹೂಂ ಅಂದಿದ್ದೆ, ಅಪ್ಪನಿಗೂ ಹೂಂ ಅಂದೆ. ಬಸ್ಸು ಬಂತು, ಅಪ್ಪ ಹತ್ತಿ ಕೂತ. ಆ ಬಿಳಿ ಪೆಟ್ಟಿಗೆಯ ಚಿತ್ರವನ್ನು ನಾನು ಮೊದಲೇ ನೋಡಿದ್ದೆ ಅನ್ನುವುದನ್ನು ಇಬ್ಬರಿಗೂ ಹೇಳಲಿಲ್ಲ.